ರೋಗ್ ಕಾರ್ಪ್ಸ್ ಯಾಕೆ ಹೀಗಾಯಿತು? ಹಳೇ ಕಾಂಟ್ರಾ ಮಾಡಿದವರೇ ಇದನ್ನೂ ಮಾಡಿದ್ದು ಅಲ್ವಾ?

ಹಳದಿ_ಕ್ಯಾಸೆಟ್:

ಕಾಂಟ್ರಾ ಅನ್ನುವ ಗುಂಡು ಹಾರಿಸುವ ವಿಡಿಯೋ ಗೇಮ್ ಬಗ್ಗೆ ಕೇಳಬೇಕಿತ್ತು. ಸ್ವಲ್ಪ ಉದ್ದ ಆಗುತ್ತದೆ, ಓದಿ ಉತ್ತರ ಹೇಳಿ.

ತೊಂಬತ್ತರ ದಶಕದಲ್ಲಿ ಟಿವಿ ಗೇಮ್ ಇದ್ದ ಮನೆಯಲ್ಲಿ ಬೆಳೆದವರಿಗೆ ಕಾಂಟ್ರಾ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಹೆಚ್ಚಿನವರು ನಿಜವಾದ ನಿಂಟೆಂಡೋ ಮೆಷಿನ್ ನೋಡಿಯೇ ಇರಲಿಲ್ಲ. ನಮಗೆ ಸಿಗುತ್ತಿದ್ದದ್ದು ಅದರ ನಕಲು, ಜೊತೆಗೆ ‘9999 ಇನ್ 1’ ಅಂತ ಬರೆದಿದ್ದ ಕ್ಯಾಸೆಟ್. ಆದರೆ ಒಳಗಿದ್ದ ಗೇಮ್ ಜಪಾನಿನ ಕೊನಾಮಿ ಕಂಪನಿ 1988ರಲ್ಲಿ ಮಾಡಿದ ಅದೇ ಕಾಂಟ್ರಾ. ಕಾಡು, ಬೇಸ್, ಜಲಪಾತ, ಹಿಮ, ಕೊನೆಗೆ ಆ ಏಲಿಯನ್ ಗುಹೆ. ಒಂದು ಗುಂಡು ತಾಗಿದರೆ ಒಂದು ಲೈಫ್ ಹೋಯಿತು. ಒಂದೇ ಸಲ ಐದು ಗುಂಡು ಹರಡುವ ಎಸ್ ಗನ್ ಸಿಕ್ಕಿದರೆ ನೀನೇ ರಾಜ.

ಈಗ ತಮ್ಮನ ಹತ್ತಿರ ಪಿಎಸ್4 (ಪ್ಲೇಸ್ಟೇಷನ್ 4) ಗೇಮ್ ಮೆಷಿನ್ ಇದೆ. ಅವನು ರಜೆಗೆ ಬಂದಾಗ ಇಬ್ಬರೂ ಸೇರಿ ‘ಕಾಂಟ್ರಾ: ರೋಗ್ ಕಾರ್ಪ್ಸ್’ ಹಾಕಿಕೊಂಡು ಕೂತೆವು. 2019ರಲ್ಲಿ ಬಂದದ್ದು. ತುಂಬಾ ಬೇಜಾರಾಯಿತು. ಮೇಲಿನಿಂದ ಓರೆಯಾಗಿ ನೋಡುವ ಕ್ಯಾಮೆರಾ, ಒಂದು ಸ್ಟಿಕ್‌ನಲ್ಲಿ ಓಡಬೇಕು, ಇನ್ನೊಂದರಲ್ಲಿ ಗುರಿ ಇಡಬೇಕು, ಅದೆಲ್ಲ ಸರಿ ಅನ್ನೋಣ. ಆದರೆ ಸ್ವಲ್ಪ ಹೊತ್ತು ಗುಂಡು ಹೊಡೆದರೆ ಗನ್ ಬಿಸಿಯಾಗಿ ನಿಂತುಬಿಡುತ್ತದೆ! ತಣ್ಣಗಾಗುವ ತನಕ ಸುಮ್ನೆ ಅತ್ತಿತ್ತ ಓಡಾಡಬೇಕು. ಮಿಷನ್ ಮುಗಿದ ಮೇಲೆ ಕ್ಯಾಂಪ್‌ಗೆ ಬಂದು ಗನ್ನಿಗೆ ಬಿಡಿಭಾಗ ಜೋಡಿಸು, ಆಪರೇಷನ್ ಮಾಡಿಸಿಕೊಂಡು ಮೈಯೊಳಗಿನ ಅಂಗ ಬದಲಾಯಿಸು, ಮತ್ತೆ ಅದೇ ಥರದ ಹಾಳುಬಿದ್ದ ಬೀದಿಗೆ ಹೋಗಿ ಅದೇ ಥರದ ಹುಳಗಳನ್ನು ಹೊಡಿ. ತಮ್ಮ ಅರ್ಧಕ್ಕೇ ಕಂಟ್ರೋಲರ್ ಕೆಳಗಿಟ್ಟ.

ನನಗೆ ಅರ್ಥವಾಗದ ವಿಷಯ ಒಂದೇ. ಇದನ್ನು ಮಾಡಿಸಿದವರು ನೋಬುಯಾ ನಕಾಜಾಟೋ. 1992ರ ‘ಕಾಂಟ್ರಾ 3’, 1994ರ ‘ಹಾರ್ಡ್ ಕಾರ್ಪ್ಸ್’ ನಿರ್ದೇಶಿಸಿದ ಅದೇ ಮನುಷ್ಯ. ಗೊತ್ತಿಲ್ಲದ ಯಾರೋ ಬಂದು ಕೆಡಿಸಿದ್ದರೆ ಹೋಗಲಿ ಅನ್ನಬಹುದಿತ್ತು. ಕಾಂಟ್ರಾ ಅಂದರೆ ಏನು ಅಂತ ಅವರಿಗಿಂತ ಚೆನ್ನಾಗಿ ಗೊತ್ತಿರುವವರು ಯಾರಿದ್ದಾರೆ? ಹಾಗಿದ್ದೂ ಯಾಕೆ ಹೀಗೆ? ಎಲ್ಲಿ ದಾರಿ ತಪ್ಪಿತು?

ಎಂಟು_ದಿಕ್ಕು:

ಎಲ್ಲರೂ ಮೊದಲು ಕ್ಯಾಮೆರಾವನ್ನು ಬೈಯುತ್ತಾರೆ. ನೀವು ಅದನ್ನು ಪಕ್ಕಕ್ಕಿಟ್ಟು ಗನ್ ಬಿಸಿಯಾಗುವುದನ್ನು ಹಿಡಿದಿರಿ ನೋಡಿ, ನನ್ನ ಪ್ರಕಾರ ರೋಗವೇ ಅದು.

ಕ್ಯಾಮೆರಾ ಬದಲಾದ ಮಾತ್ರಕ್ಕೆ ಕಾಂಟ್ರಾ ಕೆಡುವುದಿಲ್ಲ. ಮೊದಲ ಕಾಂಟ್ರಾದ ಎರಡನೇ ಮತ್ತು ನಾಲ್ಕನೇ ಸ್ಟೇಜ್ ನೆನಪಿಸಿಕೊಳ್ಳಿ. ಬೇಸ್ ಒಳಗೆ ಹೋಗುವಾಗ ಹೀರೋನ ಬೆನ್ನು ಕಾಣುತ್ತದೆ, ಎದುರಿನ ಗೋಡೆ ಒಡೆದುಕೊಂಡು ಒಳಗೊಳಗೆ ಹೋಗಬೇಕು. ‘ಕಾಂಟ್ರಾ 3’ರಲ್ಲಿ ಎರಡು ಸ್ಟೇಜ್ ಪೂರ್ತಿ ಮೇಲಿನಿಂದ ನೋಡಿ ಆಡುವಂಥವು, ನೆಲವೇ ಗಿರ್ರನೆ ತಿರುಗುತ್ತಿತ್ತು. 2004ರ ‘ನಿಯೋ ಕಾಂಟ್ರಾ’ ಬಹುಪಾಲು ಮೇಲಿನ ನೋಟದ್ದೇ. ಈ ಸೀರೀಸ್ ಹುಟ್ಟಿದಾಗಿನಿಂದಲೂ ಒಂದೇ ಕಡೆಯಿಂದ ನೋಡುತ್ತಾ ಕೂತಿಲ್ಲ.

ಹಳೇ ಕಾಂಟ್ರಾ ಒಂದು ಒಪ್ಪಂದದ ಮೇಲೆ ನಿಂತಿದೆ. ನಿನಗೆ ಗುಂಡು ಖರ್ಚಾಗುವುದೇ ಇಲ್ಲ, ರೀಲೋಡ್ ಇಲ್ಲ, ಬಟನ್ ಒತ್ತಿದಷ್ಟೂ ಹೊಡಿ, ಎಂಟು ದಿಕ್ಕಿಗೂ ಹೊಡಿ. ಅದಕ್ಕೆ ಬದಲಾಗಿ ನಿನ್ನ ಮೈಗೆ ಒಂದೇ ಒಂದು ಗುಂಡು ತಾಗಿದರೂ ಸಾವು. ಸತ್ತರೆ ಕೈಯಲ್ಲಿದ್ದ ಗನ್ ಕೂಡ ಹೋಗುತ್ತದೆ, ಮತ್ತೆ ಸಾದಾ ರೈಫಲ್. ಇವೆರಡೂ ಒಂದಕ್ಕೊಂದು ಕಟ್ಟಿಕೊಂಡಿವೆ. ಎಸ್ ಗನ್ನಿನಿಂದ ಐದು ಗುಂಡು ಬೀಸಣಿಗೆಯ ಹಾಗೆ ಹರಡಿಕೊಂಡು ಹೋಗುವಾಗ ಅಷ್ಟು ಖುಷಿ ಯಾಕೆ ಆಗುತ್ತದೆ? ಮುಂದಿನ ಕ್ಷಣವೇ ಅದನ್ನು ಕಳೆದುಕೊಳ್ಳಬಹುದು ಅಂತ ಕೈಗೆ ಗೊತ್ತಿರುತ್ತದೆ. ಆ ಭಯ ತೆಗೆದುಬಿಟ್ಟರೆ ಎಸ್ ಗನ್ ಬರೀ ಒಂದು ಗನ್.

ರೋಗ್ ಕಾರ್ಪ್ಸ್ ಈ ಒಪ್ಪಂದವನ್ನೇ ತಿರುಗಿಸಿ ಬರೆದಿದೆ. ಮೈಗೆ ಹೆಲ್ತ್ ಬಾರ್ ಕೊಟ್ಟರು. ಗನ್ನಿಗೆ ಲಗಾಮು ಹಾಕಿದರು. ಕೊಡಬೇಕಾದದ್ದನ್ನು ಕಿತ್ತುಕೊಂಡು, ಕಿತ್ತುಕೊಳ್ಳಬೇಕಾದದ್ದನ್ನು ಕೊಟ್ಟಿದ್ದಾರೆ. ಗುಂಡು ತಾಗಿದರೆ ಪಟ್ಟಿ ಸ್ವಲ್ಪ ಇಳಿಯುತ್ತದೆ, ಅದಕ್ಕೇನೂ ಅನ್ನಿಸುವುದಿಲ್ಲ. ಎದುರಿಗಿರುವವನು ಹತ್ತಾರು ಗುಂಡು ತಿಂದು ಬೀಳುತ್ತಾನೆ, ಅದಕ್ಕೂ ಏನೂ ಅನ್ನಿಸುವುದಿಲ್ಲ. ಇನ್ನೇನು ಸ್ವಲ್ಪ ರಂಗೇರಿತು ಅನ್ನುವಷ್ಟರಲ್ಲಿ ಗನ್ ಬಿಸಿ.

ಇನ್ನೊಂದು ವಿಷಯದ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಹಳೇ ಕಾಂಟ್ರಾದಲ್ಲಿ ವೈರಿಗಳನ್ನು ಒಬ್ಬೊಬ್ಬರನ್ನಾಗಿ ಯೋಚಿಸಿ ಕೂರಿಸಿದ್ದಾರೆ. ಮೊದಲ ಸ್ಟೇಜ್‌ನಲ್ಲೇ ನೋಡಿ: ಪೊದೆ ಹಿಂದೆ ಒಬ್ಬ ಗುರಿಕಾರ, ನೆಲದಿಂದ ಏಳುವ ಗನ್ ಗೂಡು (ಟರೆಟ್), ಕಾಲಿಟ್ಟರೆ ತುಂಡುತುಂಡಾಗಿ ಸಿಡಿಯುವ ಸೇತುವೆ. ಅವರ ಗುಂಡು ನಿಧಾನವಾಗಿ ಬರುತ್ತದೆ, ಕಣ್ಣಿಗೆ ಕಾಣುತ್ತದೆ, ಮಲಗಿದರೆ ತಲೆ ಮೇಲೆ ಹೋಗುತ್ತದೆ, ಹಾರಿದರೆ ನಮ್ಮ ಹೀರೋ ಉಂಡೆಯಾಗಿ ಪಲ್ಟಿ ಹೊಡೆಯುತ್ತಾನೆ, ಆ ಉಂಡೆ ಗುಂಡುಗಳ ನಡುವೆ ತೂರುತ್ತದೆ. ಸತ್ತಾಗಲೆಲ್ಲ ಯಾಕೆ ಸತ್ತೆ ಅನ್ನುವುದು ಗೊತ್ತಾಗುತ್ತಿತ್ತು. ಹಾಗಾಗಿ ಗೇಮ್ ಎಷ್ಟೇ ಕಷ್ಟವಾದರೂ ಅದರ ಮೇಲೆ ಸಿಟ್ಟು ಬರುತ್ತಿರಲಿಲ್ಲ, ಇನ್ನೊಂದು ಸಲ ಆಡೋಣ ಅನ್ನಿಸುತ್ತಿತ್ತು. ಎಂಟೂ ಸ್ಟೇಜ್ ಬಾಯಿಪಾಠ ಆದವರು ಅರ್ಧ ಗಂಟೆಯೊಳಗೆ ಮುಗಿಸಿಬಿಡುತ್ತಾರೆ. ಅಷ್ಟು ಚಿಕ್ಕ ಗೇಮ್ ಅದು, ಆದರೆ ಅದರಲ್ಲಿ ಹೊಟ್ಟು ಅನ್ನುವುದೇ ಇಲ್ಲ.

ಹೊಸದರಲ್ಲಿ ಒಂದು ಅಂಗಳಕ್ಕೆ ತಂದು ಬಿಡುತ್ತಾರೆ, ಗುಂಪು ಗುಂಪಾಗಿ ಬರುತ್ತವೆ, ಎಲ್ಲ ಸತ್ತ ಮೇಲೆ ಬಾಗಿಲು ತೆರೆಯುತ್ತದೆ. ಅಲ್ಲಿ ಕಲಿಯುವುದಕ್ಕೆ ಏನೂ ಇಲ್ಲ. ಕಲಿಯುವುದಕ್ಕೆ ಏನೂ ಇಲ್ಲದ ಕಡೆ ಆಟಗಾರನನ್ನು ಹಿಡಿದಿಡುವುದಕ್ಕೆ ಬಿಡಿಭಾಗ, ಅಂಕಿ, ಅಪ್‌ಗ್ರೇಡ್ ಎಲ್ಲ ಬೇಕಾಗುತ್ತದೆ. ಮೊದಲು ಆಟಗಾರನ ಕೈ ಪಳಗುತ್ತಿತ್ತು, ಈಗ ಗನ್ನಿನ ಅಂಕಿ ಏರುತ್ತದೆ.

ಶೀನಾ_94:

ಮೇಲಿನವರು ಹೇಳಿದ್ದರಲ್ಲಿ ಮುಕ್ಕಾಲು ಪಾಲು ಒಪ್ಪುತ್ತೇನೆ. ಆದರೆ ನಕಾಜಾಟೋ ಅವರ ಬಗ್ಗೆ ನ್ಯಾಯವಾಗಿ ಮಾತಾಡಬೇಕು ಅನ್ನಿಸುತ್ತದೆ.

ಕಾಂಟ್ರಾ ಹಾಳಾಗಿದ್ದು ಇದೇ ಮೊದಲಲ್ಲ. 1996ರಲ್ಲಿ ‘ಲೆಗಸಿ ಆಫ್ ವಾರ್’, 1998ರಲ್ಲಿ ‘ಸಿ: ದಿ ಕಾಂಟ್ರಾ ಅಡ್ವೆಂಚರ್’ ಬಂದವು. ಪ್ಲೇಸ್ಟೇಷನ್ ಕಾಲ, ಎಲ್ಲವನ್ನೂ 3ಡಿ ಮಾಡಲೇಬೇಕು ಅನ್ನುವ ಹುಚ್ಚು ಇತ್ತು. ಎರಡನ್ನೂ ಮಾಡಿದ್ದು ಅಪಲೂಸಾ ಅನ್ನುವ ಹೊರಗಿನ ಸ್ಟುಡಿಯೋ. ಎರಡೂ ಕೆಟ್ಟವು, ಅದರಲ್ಲೂ ಎರಡನೆಯದು. ಆಗ ಸೀರೀಸನ್ನು ಎತ್ತಿ ನಿಲ್ಲಿಸಿದ್ದು ಯಾರು? ಇದೇ ನಕಾಜಾಟೋ, 2002ರ ‘ಶ್ಯಾಟರ್ಡ್ ಸೋಲ್ಜರ್’ ಮೂಲಕ. ಪಿಎಸ್2ನಲ್ಲಿ ಬಂತು, ಚಿತ್ರ 3ಡಿ, ಆಟ ಮಾತ್ರ ಹಳೇ ಥರ ಎಡದಿಂದ ಬಲಕ್ಕೆ. ಅದರಲ್ಲಿ ಅವರು ಎಸ್ ಗನ್ ಬಿಟ್ಟೇಬಿಟ್ಟರು! ಗನ್ ಹುಡುಕುವ ಕೆಲಸವೇ ಇಲ್ಲ, ಮೊದಲಿನಿಂದಲೇ ಕೈಯಲ್ಲಿ ಮೂರು ಗನ್. ಹಳಬರು ಗೊಣಗಿದರು, ಆದರೆ ಗೇಮ್ ಗಟ್ಟಿಯಾಗಿತ್ತು. ಅಂದರೆ ಈ ಮನುಷ್ಯನ ಸ್ವಭಾವವೇ ಹಾಗೆ, ಮಾಡಿದ್ದನ್ನೇ ಮತ್ತೆ ಮಾಡುವವರಲ್ಲ.

ರೋಗ್ ಕಾರ್ಪ್ಸ್‌ನ ಹೀರೋಗಳಲ್ಲಿ ಒಬ್ಬನಾದ ಪಾಂಡಾ ನೋಡಿ ಎಷ್ಟೋ ಜನ ಇದು ಕಾಂಟ್ರಾನೇ ಅಲ್ಲ ಅಂದರು. ನಾನು ಅದನ್ನು ಒಪ್ಪುವುದಿಲ್ಲ. 1994ರ ಹಾರ್ಡ್ ಕಾರ್ಪ್ಸ್‌ನಲ್ಲಿ ಕನ್ನಡಕ ಹಾಕಿದ ತೋಳ ಇದ್ದ, ಕುಳ್ಳ ರೋಬೋ ಇದ್ದ. ಆ ಹುಚ್ಚುತನ ಅವರದ್ದೇ. ಅದು ಇರಲಿ, ನನಗೆ ಇಷ್ಟ. ಹಾರ್ಡ್ ಕಾರ್ಪ್ಸ್‌ನಲ್ಲಿ ಹೆಜ್ಜೆ ಹೆಜ್ಜೆಗೂ ಹೊಸದೊಂದು ಬಾಸ್, ಅಂದರೆ ದೊಡ್ಡ ವೈರಿ, ಬರುತ್ತದೆ, ಯಾವ ದಾರಿ ಆರಿಸಿದಿರಿ ಅನ್ನುವುದರ ಮೇಲೆ ಮುಂದಿನ ಸ್ಟೇಜ್ ಬದಲಾಗುತ್ತದೆ, ಕೊನೆಯೂ ಬದಲಾಗುತ್ತದೆ. ಒಂದು ಚಿಕ್ಕ ಕ್ಯಾಸೆಟ್‌ನಲ್ಲಿ ಅಷ್ಟೊಂದು ತುಂಬಿದ್ದ ಮನುಷ್ಯನ ಗೇಮ್‌ನಲ್ಲಿ 2019ರಲ್ಲಿ ಒಂದೇ ಬೀದಿಯನ್ನು ಮತ್ತೆ ಮತ್ತೆ ನೋಡಬೇಕಾಯಿತಲ್ಲ, ನನಗೆ ನೋವಾಗುವುದು ಅಲ್ಲಿ.

ಸ್ಟುಡಿಯೋ ಮೇಲೂ ಪೂರ್ತಿ ತಪ್ಪು ಹಾಕಲಾರೆ. ಇದನ್ನು ಕಟ್ಟಿದ್ದು ಟಾಯ್‌ಲಾಜಿಕ್. ಅವರೇ 2021ರಲ್ಲಿ ‘ನಿಯರ್ ರೆಪ್ಲಿಕಾಂಟ್’ ಅನ್ನು ಹೊಸದಾಗಿ ಮಾಡಿಕೊಟ್ಟರು, ಅದರಲ್ಲಿ ಹೊಡೆದಾಟ ಎಷ್ಟು ಸಲೀಸಾಗಿದೆ ಅಂತ ಆಡಿದವರಿಗೆ ಗೊತ್ತು. ಕೆಲಸ ಬಾರದವರಲ್ಲ. ನನಗೆ ಕಾಣುವುದು ಇಷ್ಟು: ಗೇಮ್ ಅನ್ನು ನೋಡಿದರೇ ದುಡ್ಡು ಕಡಿಮೆ ಹಾಕಿದ್ದಾರೆ ಅನ್ನಿಸುತ್ತದೆ, ಆದರೆ ಆಸೆ ಮಾತ್ರ ದೊಡ್ಡದು. ಒಬ್ಬರೇ ಆಡುವ ಕಥೆ ಬೇಕು, ಆನ್‌ಲೈನ್‌ನಲ್ಲಿ ನಾಲ್ಕು ಜನ ಬೇಕು, ನಾಲ್ವರ ಮೇಲೆ ನಾಲ್ವರು ಹೊಡೆದಾಡಬೇಕು, ಲೂಟಿ (ಆಟದಲ್ಲಿ ಗಳಿಸುವ ಸಾಮಾನು) ಬೇಕು, ಗಂಟೆಗಟ್ಟಲೆ ಕೂರಿಸಬೇಕು. ಅರ್ಧ ಗಂಟೆಯ ಗೇಮ್ ಅನ್ನು ನಲವತ್ತು ಡಾಲರ್‌ಗೆ ಮಾರುವುದು ಹೇಗೆ ಅನ್ನುವ ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರ ಅದು. ಪ್ರಶ್ನೆ ನಿಜವಾದದ್ದೇ. ಉತ್ತರ ತಪ್ಪು. ಕೊನಾಮಿ ಆ ವರ್ಷಗಳಲ್ಲಿ ಇದನ್ನೇ ಮಾಡುತ್ತಿತ್ತು, 2018ರ ‘ಮೆಟಲ್ ಗಿಯರ್ ಸರ್ವೈವ್’ ಕೂಡ ಹೀಗೇ. ದೊಡ್ಡ ಹೆಸರು, ಒಳಗೆ ಆ ಹೆಸರಿಗೆ ಸಂಬಂಧವಿಲ್ಲದ ಆಟ.

ಜಲಪಾತದ_ತುದಿ:

ನೀವು ಮೂವರೂ ಒಂದು ಮಾತು ಬಿಟ್ಟಿರಿ. ಕಾಂಟ್ರಾ ಇಬ್ಬರ ಆಟ ಗುರು.

ಮೂರನೇ ಸ್ಟೇಜ್ ಜಲಪಾತ ನೆನಪಿದೆಯಲ್ಲ? ಇಬ್ಬರಿಗೂ ಒಂದೇ ಸ್ಕ್ರೀನ್. ಒಬ್ಬ ಆತುರ ಮಾಡಿ ಮೇಲೆ ಹತ್ತಿದರೆ ಸ್ಕ್ರೀನೂ ಅವನ ಜೊತೆ ಮೇಲೆ ಹೋಗುತ್ತದೆ, ಕೆಳಗಿದ್ದವನು ಸ್ಕ್ರೀನಿನ ಅಂಚಿಗೆ ಸಿಕ್ಕಿ ಸಾಯುತ್ತಾನೆ. ‘ಲೋ ನಿಲ್ಲೋ, ನಾನಿನ್ನೂ ಕೆಳಗಿದ್ದೀನಿ’ ಅಂತ ಕಿರುಚದೆ ಆ ಸ್ಟೇಜ್ ದಾಟಿದವರು ಯಾರಾದರೂ ಇದ್ದಾರಾ? ಎಸ್ ಗನ್ ಬಂದಾಗ ಯಾರು ತೆಗೆದುಕೊಳ್ಳಬೇಕು ಅನ್ನುವುದು ಇನ್ನೊಂದು ಜಗಳ. ಇದೆಲ್ಲ ಗೇಮ್‌ನ ಕೊರತೆ ಅಲ್ಲ, ಗೇಮೇ ಅದು. ಒಬ್ಬರನ್ನೊಬ್ಬರು ನೋಡಿಕೊಂಡು ಆಡಬೇಕಿತ್ತು.

ರೋಗ್ ಕಾರ್ಪ್ಸ್‌ನಲ್ಲಿ ಪಕ್ಕಪಕ್ಕ ಕೂತು ಆಡುವುದಕ್ಕೆ ‘ಎಕ್ಸ್‌ಪ್ಲೊರೇಷನ್ ಮಿಷನ್’ ಅಂತ ಬೇರೆ ಜಾಗ ಮಾಡಿಟ್ಟಿದ್ದಾರೆ. ಪಕ್ಕದಲ್ಲಿ ಕೂತಿರುವ ತಮ್ಮನನ್ನು ಮನೆ ನಡುವೆ ಕೂರಿಸಬೇಕಿತ್ತು, ಜಗಲಿಯಲ್ಲಿ ಕೂರಿಸಿದರು. ಹಳದಿ_ಕ್ಯಾಸೆಟ್ ಅವರ ತಮ್ಮ ಕಂಟ್ರೋಲರ್ ಕೆಳಗಿಟ್ಟಿದ್ದರಲ್ಲಿ ಆಶ್ಚರ್ಯ ಏನೂ ಇಲ್ಲ.

ಹಳದಿ_ಕ್ಯಾಸೆಟ್:

ಎಲ್ಲರಿಗೂ ಧನ್ಯವಾದ. ಒಪ್ಪಂದದ ಮಾತು ಓದಿದ ಮೇಲೆ ನನಗೆ ಏನು ಕಿರಿಕಿರಿ ಆಗುತ್ತಿತ್ತು ಅನ್ನುವುದು ಸರಿಯಾಗಿ ತಿಳಿಯಿತು. ಶೀನಾ ಅವರೇ, ಆ ಪಾಂಡಾ ಬಗ್ಗೆ ನನಗೂ ದೂರಿಲ್ಲ, ನಗು ಬರಿಸುತ್ತಾನೆ ಅವನು.

ಹಾಗಾದರೆ ಈಗ ಏನು ಆಡಬೇಕು? 2024ರಲ್ಲಿ ‘ಆಪರೇಷನ್ ಗಲೂಗಾ’ ಅಂತ ಬಂದಿದೆಯಲ್ಲ, ಅದು ಹೇಗಿದೆ? ತಮ್ಮ ಮತ್ತೆ ದಸರಾಗೆ ಬರುತ್ತಾನೆ. ಇಬ್ಬರೂ ಕೂತು ಆಡುವಂಥದ್ದು ಬೇಕು.

ಎಂಟು_ದಿಕ್ಕು:

ಗಲೂಗಾ ಧೈರ್ಯವಾಗಿ ತೆಗೆದುಕೊಳ್ಳಿ. ಅದ್ಭುತ ಅನ್ನುವುದಿಲ್ಲ, ಆದರೆ ಕಾಂಟ್ರಾ ಹೌದು.

ಮಾಡಿದ್ದು ವೇಫಾರ್ವರ್ಡ್. 2007ರಲ್ಲಿ ನಿಂಟೆಂಡೋ ಡಿಎಸ್‌ಗೆ ‘ಕಾಂಟ್ರಾ 4’ ಮಾಡಿದ್ದು ಇವರೇ. ಅದರಲ್ಲಿ ಎರಡು ಸ್ಕ್ರೀನ್ ಸೇರಿ ಒಂದೇ ಎತ್ತರದ ಮೈದಾನ, ಕೊಕ್ಕೆ ಎಸೆದು ಮೇಲಿನ ಸ್ಕ್ರೀನ್‌ಗೆ ಹಾರಬೇಕು. ಭಯಂಕರ ಕಷ್ಟ, ನನಗೆ ಈಗಲೂ ಅಚ್ಚುಮೆಚ್ಚು. ಅಂಥವರ ಕೈಗೆ ಕೊನಾಮಿ ಮತ್ತೆ ಕೊಟ್ಟಿತಲ್ಲ ಅನ್ನುವುದೇ ನನಗೆ ದೊಡ್ಡ ಸಮಾಧಾನ.

ಗಲೂಗಾ ಅಂದರೆ ಮೊದಲ ಕಾಂಟ್ರಾದ್ದೇ ಕಥೆ, ಅದೇ ದ್ವೀಪ, ಹೊಸದಾಗಿ ಬರೆದ ಚಿತ್ರ. ಪಕ್ಕದಿಂದ ನೋಡುವ ಆಟ. ಮಾಮೂಲಿ ಆಡಿದರೆ ಹೆಲ್ತ್ ಇರುತ್ತದೆ, ಆದರೆ ಒಂದೇ ಏಟಿಗೆ ಸಾಯುವ ಹಾಗೆ ಸೆಟ್ಟಿಂಗ್ ಬದಲಾಯಿಸಿಕೊಳ್ಳಬಹುದು. ದಯವಿಟ್ಟು ಬದಲಾಯಿಸಿಕೊಂಡೇ ಆಡಿ. ಎಸ್ ಗನ್ ಇದೆ, ಅದೇ ಗನ್ ಎರಡನೇ ಸಲ ಸಿಕ್ಕಿದರೆ ಇನ್ನೂ ಜೋರಾಗುತ್ತದೆ. ನನಗೆ ತುಂಬಾ ಹಿಡಿಸಿದ್ದು ಓವರ್‌ಲೋಡ್. ಕೈಯಲ್ಲಿರುವ ಗನ್ ಅನ್ನು ಬೇಕಂತಲೇ ಬಲಿ ಕೊಟ್ಟರೆ ಒಂದು ದೊಡ್ಡ ಶಕ್ತಿ ಸಿಗುತ್ತದೆ, ಗನ್ ಮಾತ್ರ ಹೋಯಿತು. ನೋಡಿ, ಇಲ್ಲೂ ಗನ್ ಕಳೆದುಕೊಳ್ಳುವುದಿದೆ, ಆದರೆ ಕಳೆದುಕೊಳ್ಳಬೇಕಾ ಬೇಡವಾ ಅನ್ನುವುದು ನಿಮ್ಮ ಕೈಯಲ್ಲಿದೆ. ಬಾಸ್ ಎದುರು ಸಾಯುವ ಹಾಗಾದಾಗ ಎಸ್ ಗನ್ ಉಳಿಸಿಕೊಳ್ಳಲಾ, ಎಸೆದುಬಿಡಲಾ ಅಂತ ಅರೆ ಕ್ಷಣದಲ್ಲಿ ತೀರ್ಮಾನ ಮಾಡಬೇಕು. ರೋಗ್ ಕಾರ್ಪ್ಸ್‌ನ ಬಿಸಿ ಗನ್ನಿಗೂ ಇದಕ್ಕೂ ಎಷ್ಟು ವ್ಯತ್ಯಾಸ ಇದೆ ಅಲ್ವಾ? ಅಲ್ಲಿ ಗೇಮ್ ನಿಮ್ಮನ್ನು ತಡೆಯುತ್ತದೆ, ಇಲ್ಲಿ ಕೇಳುತ್ತದೆ.

ಕೊರತೆಗಳೂ ಇವೆ. ಕಥೆಯ ನಡುವೆ ಪಾತ್ರಗಳು ತುಂಬಾ ಮಾತಾಡುತ್ತವೆ, ಕಾಂಟ್ರಾಗೆ ಅಷ್ಟು ಮಾತು ಬೇಡ. ಚಿತ್ರದಲ್ಲಿ ಸ್ವಲ್ಪ ಜೀವ ಕಡಿಮೆ. ನಿಂಟೆಂಡೋ ಸ್ವಿಚ್‌ನಲ್ಲಿ ಆಡಿದರೆ ಅಲ್ಲಲ್ಲಿ ಎಳೆಯುತ್ತದೆ, ನಿಮ್ಮದು ಪಿಎಸ್4 ಆದ್ದರಿಂದ ಆ ಚಿಂತೆ ಬೇಡ. ಕಥೆ ಮೋಡ್‌ನಲ್ಲಿ ಇಬ್ಬರು, ಆರ್ಕೇಡ್ ಮೋಡ್‌ನಲ್ಲಿ ನಾಲ್ಕು ಜನರ ತನಕ ಒಂದೇ ಟಿವಿ ಮುಂದೆ ಕೂತು ಆಡಬಹುದು. ಆನ್‌ಲೈನ್ ಇಲ್ಲ, ಬೇರೆ ಊರಿನಲ್ಲಿರುವ ಗೆಳೆಯರ ಜೊತೆ ಆಡಬೇಕು ಅಂದುಕೊಂಡವರಿಗೆ ಅದು ನಿಜವಾದ ತೊಂದರೆ.

ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ ಅಂತ ಬಟನ್ ಒತ್ತುವ ಆ ಗುಟ್ಟಿನ ಕೋಡ್ ನೆನಪಿದೆಯಾ? ಆ ಕೋಡ್ ಬರೆದಿದ್ದು ಕಜುಹಿಸಾ ಹಾಶಿಮೋಟೋ, ಮೊದಲು ‘ಗ್ರೇಡಿಯಸ್’ ಅನ್ನುವ ಇನ್ನೊಂದು ಗೇಮ್‌ಗೆ, ಟೆಸ್ಟ್ ಮಾಡುವಾಗ ತಮಗೇ ಆ ಗೇಮ್ ತುಂಬಾ ಕಷ್ಟ ಆಗುತ್ತಿತ್ತು ಅಂತ. ಕಾಂಟ್ರಾದಲ್ಲಿ ಅದು 30 ಲೈಫ್ ಕೊಡುತ್ತಿತ್ತು. ಗಲೂಗಾದಲ್ಲಿ ಅದನ್ನು ಒಂದು ಪರ್ಕ್ (ಹೆಚ್ಚುವರಿ ಸವಲತ್ತು) ಮಾಡಿ ಅಂಗಡಿಯಲ್ಲಿಟ್ಟಿದ್ದಾರೆ, ಆಟದಲ್ಲಿ ಗಳಿಸಿದ ಕ್ರೆಡಿಟ್ ಕೊಟ್ಟು ಕೊಳ್ಳಬೇಕು, ನಿಜವಾದ ದುಡ್ಡಲ್ಲ. ಹಾಗೆ ಮಾಡಬಾರದಿತ್ತು ಅಂತ ನನ್ನ ಅಭಿಪ್ರಾಯ. ಗೊತ್ತಿದ್ದವರು ಗೊತ್ತಿಲ್ಲದವರಿಗೆ ಕಿವಿಯಲ್ಲಿ ಹೇಳಿಕೊಡುತ್ತಿದ್ದ ವಿಷಯ ಅದು, ಬೆಲೆಪಟ್ಟಿಗೆ ಸೇರಬಾರದಿತ್ತು.

ಶೀನಾ_94:

ಗಲೂಗಾ ಜೊತೆಗೆ ‘ಬ್ಲೇಜಿಂಗ್ ಕ್ರೋಮ್’ ಕೂಡ ನೋಡಿ. ಬ್ರೆಜಿಲ್‌ನ ಜಾಯ್‌ಮ್ಯಾಶರ್ ಅನ್ನುವ ಚಿಕ್ಕ ತಂಡ ಮಾಡಿದ್ದು. ಬಂದದ್ದು 2019ರ ಜುಲೈನಲ್ಲಿ, ಅಂದರೆ ರೋಗ್ ಕಾರ್ಪ್ಸ್‌ಗಿಂತ ಎರಡೇ ತಿಂಗಳು ಮುಂಚೆ. ಒಂದೇ ಏಟಿಗೆ ಸಾವು, ಪಕ್ಕದಿಂದ ನೋಟ, ಇಬ್ಬರ ಆಟ, ಕಾಂಟ್ರಾ 3 ಮತ್ತು ಹಾರ್ಡ್ ಕಾರ್ಪ್ಸ್ ಎರಡನ್ನೂ ಅರೆದು ಕುಡಿದವರ ಕೆಲಸ. ಅದರ ಮೇಲೆ ಕಾಂಟ್ರಾ ಅನ್ನುವ ಹೆಸರಿಲ್ಲ ಅಷ್ಟೇ. ಪಿಎಸ್4ನಲ್ಲಿ ಇದೆ.

ಹಾಗೇ 2019ರ ಜೂನ್‌ನಲ್ಲಿ ಕೊನಾಮಿ ‘ಕಾಂಟ್ರಾ ಆನಿವರ್ಸರಿ ಕಲೆಕ್ಷನ್’ ತಂದಿತು. ಆರ್ಕೇಡ್ (ನಾಣ್ಯ ಹಾಕಿ ಆಡುವ ಯಂತ್ರದ) ಕಾಂಟ್ರಾ, ನಾವು ಟಿವಿ ಗೇಮ್‌ನಲ್ಲಿ ಆಡಿದ ಕಾಂಟ್ರಾ, ‘ಸೂಪರ್ ಸಿ’, ‘ಕಾಂಟ್ರಾ 3’, ‘ಹಾರ್ಡ್ ಕಾರ್ಪ್ಸ್’ ಎಲ್ಲ ಅದರಲ್ಲಿವೆ. ನಿಮ್ಮ ತಮ್ಮ ಹಾರ್ಡ್ ಕಾರ್ಪ್ಸ್ ಆಡಿಲ್ಲದಿದ್ದರೆ ಅದರ ಜಪಾನ್ ಆವೃತ್ತಿ ಹಾಕಿ, ಆಮೇಲೆ ಬಂದ ಅಪ್‌ಡೇಟ್‌ನಲ್ಲಿ ಸೇರಿಸಿದ್ದಾರೆ. ಅಮೆರಿಕದ್ದರಲ್ಲಿ ಒಂದೇ ಏಟಿಗೆ ಸಾವು, ಜಪಾನಿನದ್ದರಲ್ಲಿ ಮೂರು ಏಟು ತಡೆಯುತ್ತದೆ. ಎಂಟು_ದಿಕ್ಕು ಇದಕ್ಕೆ ಒಪ್ಪುವುದಿಲ್ಲ ಅಂತ ಗೊತ್ತು. ಆದರೆ ಆ ಗೇಮ್‌ನಲ್ಲಿ ಬಾಸ್‌ಗಳು ಎಷ್ಟು ಜಾಸ್ತಿ ಅಂದರೆ ಮೊದಲ ಸಲ ಆಡುವವರಿಗೆ ಆ ಮೂರು ಏಟು ಬೇಕೇ ಬೇಕು. ದಾರಿ ಆರಿಸುವ ಜಾಗ ಬಂದಾಗ ಇಬ್ಬರೂ ಮಾತಾಡಿಕೊಂಡು ಆರಿಸಿ, ಮುಂದಿನ ಸಲ ಇನ್ನೊಂದು ದಾರಿ ಹಿಡಿಯಿರಿ.

ಎಂಟು_ದಿಕ್ಕು:

ಹಾರ್ಡ್ ಕಾರ್ಪ್ಸ್‌ಗೆ ಮಾತ್ರ ಮೂರು ಏಟು ಒಪ್ಪುತ್ತೇನೆ. ಮೊದಲ ಕಾಂಟ್ರಾಗೆ ಬೇಡ. ಆಡಿದ ಮೇಲೆ ಇಲ್ಲಿ ಬಂದು ಬರೆಯಿರಿ, ನಿಮ್ಮ ತಮ್ಮನಿಗೆ ಯಾವುದು ಹಿಡಿಸಿತು ಅಂತ ತಿಳಿದುಕೊಳ್ಳಬೇಕು.